ಪಾಲಿಲ್ಲದ ಜ್ವರ

ನಮ್ಮೂರಿನಲ್ಲಿ ಪೂರ್ತಿ ಜ್ವರವನ್ನು ಯಾರೂ ಒಬ್ಬರೇ ಅನುಭವಿಸುವುದಿಲ್ಲ. ಮೈ ಬೆಚ್ಚಗಾಯಿತೆಂದರೆ ಮನೆಯವರಲ್ಲಿ ಒಬ್ಬರು ಬಂದು ಪಕ್ಕದಲ್ಲಿ ಕುಳಿತು, ಮಣಿಕಟ್ಟು ಹಿಡಿದು ‘ಕೊಡು’ ಅನ್ನುತ್ತಾರೆ. ಮಲಗಿದವರು ‘ತಗೋ’ ಅನ್ನಬೇಕು. ಅಷ್ಟೇ. ಅರ್ಧ ಜ್ವರ ಆ ಕಡೆಗೆ ಹೋಗುತ್ತದೆ. ಇಬ್ಬರು ಬಂದರೆ ಮೂರು ಪಾಲು, ಮೂವರು ಬಂದರೆ ನಾಲ್ಕು. ಹಲ್ಲುನೋವು, ತಲೆನೋವು, ಸೊಂಟ ಹಿಡಿದುಕೊಂಡದ್ದು, ಎಲ್ಲಕ್ಕೂ ಇದೇ ಲೆಕ್ಕ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮೊದಲೇ ‘ಮನೇಲಿ ಪಾಲಿಗೆ ಎಷ್ಟು ಜನ ಇದ್ದೀರಿ?’ ಎಂದು ಕೇಳುತ್ತಾರೆ. ಹೆರಿಗೆಯ ಕೋಣೆಯಲ್ಲಿ ತವರಿನವರೂ ಗಂಡನ ಮನೆಯವರೂ ಗೋಡೆಗೊರಗಿ ಸಾಲಾಗಿ ಕುಳಿತಿರುತ್ತಾರೆ. ಮಗು ಅತ್ತ ಮೇಲೆ ಹತ್ತು ಹನ್ನೆರಡು ಜನ ಬೆವರು ಒರೆಸಿಕೊಳ್ಳುತ್ತ, ಕಾಲು ನಡುಗಿಸುತ್ತ ಹೊರಗೆ ಬರುತ್ತಾರೆ.

ಬೇರೆ ಊರುಗಳಲ್ಲಿ ಹೀಗಿಲ್ಲವೆಂದು ನನಗೆ ತಿಳಿದದ್ದು ಪದವಿ ಓದಲು ನದಿಯಾಚೆಯ ಪಟ್ಟಣಕ್ಕೆ ಹೋದಾಗ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಹುಡುಗಿಗೆ ಜ್ವರ ಬಂತು. ಅಭ್ಯಾಸಬಲದಿಂದ ಹೋಗಿ ಅವಳ ಮಣಿಕಟ್ಟು ಹಿಡಿದು ‘ಕೊಡು’ ಅಂದೆ. ಅವಳು ದಿಂಬಿನಡಿಯಿಂದ ನನ್ನ ಬಾಚಣಿಗೆ ತೆಗೆದು ಕೊಟ್ಟಳು.

ಮೂರು ವರ್ಷ ಸಂಖ್ಯಾಶಾಸ್ತ್ರ ಓದಿ ವಾಪಸು ಬಂದೆ. ನನ್ನ ಹೆಸರು ವೈಜಯಂತಿ. ಅಪ್ಪ ಅಮ್ಮ ಇಲ್ಲದ ನನ್ನನ್ನು ನಾಲ್ಕನೆಯ ವಯಸ್ಸಿನಿಂದ ಸಾಕಿದವಳು ಅಪ್ಪನ ಅಕ್ಕ ನೀಲಾಂಬಿಕೆ, ನನ್ನ ನೀಲತ್ತೆ. ಅವಳು ಮದುವೆ ಮಾಡಿಕೊಳ್ಳಲಿಲ್ಲ. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದು ಅವಳ ಬಲ ಮಂಡಿ ಸವೆದಿದೆ. ದಿನಾ ಸಂಜೆ ಅವಳ ಪಕ್ಕ ಕುಳಿತು ಆ ನೋವಿನಲ್ಲಿ ಅರ್ಧ ನಾನು ತೆಗೆದುಕೊಳ್ಳುತ್ತೇನೆ. ಆದರೆ ನನ್ನದನ್ನು ಯಾರಿಗೂ ಕೊಟ್ಟವಳಲ್ಲ. ‘ತಗೋ’ ಅನ್ನುವುದೆಂದರೆ ನಾಲ್ಕು ಜನರ ಮುಂದೆ ಸೆರಗು ಸರಿದ ಹಾಗೆ ನನಗೆ. ಚಿಕ್ಕಂದಿನಿಂದಲೂ ಸಣ್ಣಪುಟ್ಟ ಜ್ವರ ಬಂದರೆ ಪುಸ್ತಕ ಅಡ್ಡ ಹಿಡಿದು ‘ಓದ್ತಿದ್ದೀನಿ’ ಅಂದುಬಿಡುತ್ತಿದ್ದೆ. ಹೇಳಬೇಕಾದದ್ದನ್ನು ಡೈರಿಗೆ ಹೇಳುತ್ತಿದ್ದೆ. ಅದರಲ್ಲಿ ದೊಡ್ಡ ವಿಚಾರಗಳೇನೂ ಇಲ್ಲ. ‘ನೀಲತ್ತೆ, ಮಂಡಿ, ಅರ್ಧ. ಮೂಲೆಮನೆ ಪುಟ್ಟಮ್ಮನ ಹಲ್ಲು, ಆರರಲ್ಲಿ ಒಂದು.’ ಇಂಥವೇ.

ಬೂದಿಜ್ವರ ಬೇರೆ ಊರುಗಳನ್ನೆಲ್ಲ ಸುತ್ತಿ ನಮ್ಮೂರಿಗೆ ಬಂದದ್ದು ಹೋದ ವರ್ಷ. ಮೂರನೆಯ ದಿನಕ್ಕೆ ತುಟಿ ಒಲೆಯ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು, ಉಸಿರು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೊದಲು ಮಲಗಿದ್ದು ದೋಣಿ ನಡೆಸುವವನೊಬ್ಬ. ಮನೆಯ ಏಳು ಜನ ಸುತ್ತ ಕುಳಿತು ಪಾಲು ತೆಗೆದುಕೊಂಡರು. ಆದರೆ ಈ ಜ್ವರ ಹಂಚಿದರೆ ಕಡಿಮೆಯಾಗುತ್ತಿರಲಿಲ್ಲ. ದೀಪದಿಂದ ದೀಪ ಹಚ್ಚಿದ ಹಾಗೆ, ಕೊಟ್ಟವರಲ್ಲೂ ಪೂರ್ತಿ ಉಳಿಯುತ್ತಿತ್ತು, ತೆಗೆದುಕೊಂಡವರಲ್ಲೂ ಪೂರ್ತಿ ಹತ್ತುತ್ತಿತ್ತು. ಆ ಮನೆಯಲ್ಲಿ ಉಳಿದದ್ದು ಒಂದು ಮಗು, ಅದೂ ಯಾರೋ ಆಚೆ ಎತ್ತಿಕೊಂಡು ಹೋಗಿದ್ದರಿಂದ. ಬೂದಿಜ್ವರಕ್ಕೆ ಕೈ ಹಿಡಿಯಬಾರದೆಂದು ಊರಿನಲ್ಲಿ ಡಂಗುರ ಹೊಡೆಸಿದರು. ಜನ ತಲೆಯಾಡಿಸಿದರು, ಮನೆಗೆ ಹೋಗಿ ಹಿಡಿದರು. ಮಗ ‘ಅಮ್ಮಾ’ ಅನ್ನುತ್ತಿದ್ದರೆ ಡಂಗುರ ಯಾರ ಕಿವಿಯಲ್ಲಿ ನಿಲ್ಲುತ್ತದೆ? ಆರು ತಿಂಗಳಿಗೆ ಅರವತ್ತೊಂದು ಜನ ಹೋದರು.

ಏಳನೆಯ ತಿಂಗಳು ಡಾಕ್ಟರ್ ನಸೀಮಾ ಬಂದರು. ಹೊರಗಿನವರು, ನಲವತ್ತರ ಹೆಂಗಸು, ಮಾತು ಕಡಿಮೆ. ಅವರ ಹಿಂದೆ ನಾಲ್ಕು ಜನ ಐಸ್ ಪೆಟ್ಟಿಗೆಗಳನ್ನು ಹೊತ್ತು, ನದಿಯಿಂದ ಗುಡ್ಡಕ್ಕೆ ಏರುವ ನಮ್ಮೂರಿನ ಮೆಟ್ಟಿಲು ಬೀದಿ ಹತ್ತಿ ಶಾಲೆಯಲ್ಲಿ ಇಳಿಸಿದರು. ಬೂದಿಜ್ವರಕ್ಕೆ ಹೊಸದಾಗಿ ಕಂಡುಹಿಡಿದ ಚುಚ್ಚುಮದ್ದು. ಹಾಕಿಸಿಕೊಂಡರೆ ಎರಡು ದಿನ ಮಾಮೂಲಿ ಜ್ವರ ಬರುತ್ತದೆ, ಆಮೇಲೆ ಬೂದಿಜ್ವರ ಹತ್ತಿರ ಸುಳಿಯುವುದಿಲ್ಲ, ಸುಳಿದರೂ ಕೊಲ್ಲುವುದಿಲ್ಲ ಎಂದರು. ಲಕ್ಷಕ್ಕೆ ಒಬ್ಬಿಬ್ಬರಿಗೆ ಹೃದಯಕ್ಕೆ ಬಾವು ಬರಬಹುದು ಎಂಬುದನ್ನೂ ಮುಚ್ಚಿಡದೆ ಹೇಳಿದರು.

ಕೆಳಗಿನ ಮೆಟ್ಟಿಲಿನ ಬಳಿಯ ಕೊಟ್ರೇಶಿಯ ಹೋಟೆಲೇ ನಮ್ಮೂರಿನ ನ್ಯಾಯಸ್ಥಾನ. ನಾನು ನೀಲತ್ತೆಗೆ ಇಡ್ಲಿ ಕಟ್ಟಿಸಿಕೊಳ್ಳಲು ನಿಂತಿದ್ದೆ. ಕೊಟ್ರೇಶಿ ದೋಸೆ ತಿರುವಿ ಹಾಕುತ್ತ ಶುರು ಮಾಡಿದ. “ನೋಡಿ ಸ್ವಾಮಿ, ನನ್ನ ಹೋಟ್ಲಲ್ಲಿ ಮಿಡಿ ಉಪ್ಪಿನಕಾಯಿ ಬಲಿಯೋಕ್ಕೇ ಆರು ತಿಂಗಳು ಬೇಕು. ಇವ್ರು ಹತ್ತೇ ತಿಂಗಳಲ್ಲಿ ಮದ್ದು ಕಂಡುಹಿಡಿದು, ಶೀಶೆಗೆ ತುಂಬಿ, ಮೆಟ್ಟಿಲು ಹತ್ತಿಸಿ ತಂದ್ಬಿಟ್ರಂತೆ.”

ಮೂಲೆಯ ಬೆಂಚಿನಲ್ಲಿ ಕಾಫಿ ಆರಿಸುತ್ತಿದ್ದ ಚನ್ನವೀರಪ್ಪನವರು ಲೋಟ ಕೆಳಗಿಟ್ಟರು. ಅವರು ನಿವೃತ್ತ ಹೆಡ್ಮಾಸ್ಟರು. ಊರಿನ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದು ಮಗ್ಗಿ ಕಲಿತವರು. “ಅಲ್ಲಯ್ಯಾ ಕೊಟ್ರೇಶಿ, ನಿನ್ನ ಉಪ್ಪಿನಕಾಯಿ ಬಲಿಯೋವರೆಗೂ ಬೂದಿಜ್ವರ ಹೊಸ್ತಿಲಲ್ಲಿ ಕೂತಿರುತ್ತೇನು? ನಲವತ್ತು ಸಾವಿರ ಜನಕ್ಕೆ ಕೊಟ್ಟು ನೋಡಿದಾರೆ.”

“ಆ ನಲವತ್ತು ಸಾವಿರದಲ್ಲಿ ನಮ್ಮೂರೋರು ಎಷ್ಟು ಜನ ಸಾರ್?”

“ಒಬ್ಬರೂ ಇಲ್ಲ.”

“ಮತ್ತೆ!” ಎಂದ ಕೊಟ್ರೇಶಿ, ಸೌಟು ಎತ್ತಿ. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದು ಕುಹಕದ ಪ್ರಶ್ನೆಯೇ ಆದರೂ ಸರಿಯಾದ ಪ್ರಶ್ನೆ ಎಂದು ಆವತ್ತು ನಮಗ್ಯಾರಿಗೂ ಹೊಳೆಯಲಿಲ್ಲ, ಕೇಳಿದ ಅವನಿಗೂ.

ನಗು ಮುಗಿಯುವ ಮೊದಲೇ ಹೆಡ್ಮಾಸ್ಟರು ಎದ್ದು ಪಂಚೆ ಕೊಡವಿಕೊಂಡು ಶಾಲೆಯ ಕಡೆ ಹೊರಟರು. ಮೊದಲ ಚುಚ್ಚುಮದ್ದು ಅವರದೇ. ಅವರ ಹಿಂದೆ ಅವರ ಹಳೆಯ ವಿದ್ಯಾರ್ಥಿಗಳು ಹೋದರು. ಎರಡು ವಾರದಲ್ಲಿ ನೂರ ಹನ್ನೆರಡು ಜನರಾದರು. ಡಾಕ್ಟರಿಗೆ ಅಕ್ಷರ ಚೆನ್ನಾಗಿರುವವರು ಬೇಕಾಗಿತ್ತು, ನಾನು ಸಿಕ್ಕೆ. ಹೆಸರು, ವಯಸ್ಸು, ತಾರೀಕು ಬರೆದುಕೊಳ್ಳುವುದು, ಮಾರನೆಯ ದಿನ ಅವರ ಮನೆಗೆ ಹೋಗಿ ಜ್ವರ ಬಂತೇ, ಎಷ್ಟು ಬಂತು ಎಂದು ರಿಜಿಸ್ಟರಿನಲ್ಲಿ ತುಂಬುವುದು. ಹೆಚ್ಚು ಮಾತು ಬೇಡದ ಕೆಲಸ. ರಿಜಿಸ್ಟರಿನಲ್ಲಿ ಪಾಲಿಗೆಂದು ಅಂಕಣ ಇರಲಿಲ್ಲ. ಮುದ್ರಿಸಿದವರಿಗೆ ಪಾಲು ಎಂದರೇನೆಂದೇ ಗೊತ್ತಿಲ್ಲವಲ್ಲ. ನಮ್ಮೂರಿನಲ್ಲಿ ಜ್ವರ ಬರೆದು ಪಾಲು ಬರೆಯದಿದ್ದರೆ ಅರ್ಧ ವಾಕ್ಯ ಬರೆದು ಎದ್ದ ಹಾಗೆ. ಆದ್ದರಿಂದ ಅದನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ.

ಆ ದಿನಗಳಲ್ಲಿ ಪಾಲಿನ ಉತ್ಸಾಹ ನೋಡಬೇಕಿತ್ತು. ಆರು ತಿಂಗಳು ಒಬ್ಬರ ಕೈ ಒಬ್ಬರು ಹೆದರಿ ಹೆದರಿ ಹಿಡಿದಿದ್ದವರಿಗೆ ಕೊನೆಗೂ ಹಂಚಿಕೊಳ್ಳಬಹುದಾದ ಒಂದು ಜ್ವರ ಸಿಕ್ಕಿತ್ತು. ಚುಚ್ಚುಮದ್ದಿನ ಜ್ವರ ಬೂದಿಜ್ವರದಂತಲ್ಲ, ಹಂಚಿದರೆ ಸಾಧುವಾಗಿ ಹಂಚಿಹೋಗುತ್ತಿತ್ತು. ಹೆಡ್ಮಾಸ್ಟರ ಮನೆಗೆ ನಾನು ಹೋದಾಗ ಮಕ್ಕಳು, ಸೊಸೆ, ಮೊಮ್ಮಕ್ಕಳು ಎಂಟು ಜನ ಅವರ ಮಂಚವನ್ನು ಸುತ್ತಿಕೊಂಡಿದ್ದರು. ಕಾಲ ಬಳಿ ಕುಳಿತಿದ್ದ ಸೊಸೆ ಸುಧಾಮಣಿ “ನಂಗೆ ಸ್ವಲ್ಪ ಜಾಸ್ತೀನೇ ಕೊಡಿ ಮಾವ, ಈ ಮಕ್ಳಿಗೆ ಹೋಗೋದು ಬೇಡ” ಎನ್ನುತ್ತಿದ್ದಳು. ಹೆಡ್ಮಾಸ್ಟರು ಸಂಜೆಗೆಲ್ಲ ಕೋಲು ಬೀಸುತ್ತ ವಾಕಿಂಗ್ ಹೊರಟರು. “ಒಂಬತ್ತು ಪಾಲು ಕಣಮ್ಮ! ಬರ್ಕೋ. ಜ್ವರ ಬಂದಿದ್ದೇ ಗೊತ್ತಾಗಲಿಲ್ಲ” ಎಂದರು.

ನಾನೂ ಒಂದು ದಿನ ಎಲ್ಲರೂ ಹೋದ ಮೇಲೆ ತೋಳು ಮಡಿಚಿ ಡಾಕ್ಟರ ಮುಂದೆ ಕುಳಿತೆ. ಹಾಕಿಸಿಕೊಳ್ಳುವ ಮುಂಚೆ ಕಾಗದದಲ್ಲಿ ಲೆಕ್ಕ ಹಾಕಿದ್ದೆ. ನನ್ನ ವಯಸ್ಸಿನವಳಿಗೆ ಬೂದಿಜ್ವರದಿಂದ ಅಪಾಯ ಕಡಿಮೆಯೇ, ಆದರೆ ನಾನು ಹೊತ್ತುಕೊಂಡು ಹೋಗಿ ನೀಲತ್ತೆಗೆ ಮುಟ್ಟಿಸುವ ಅಪಾಯ ಕಡಿಮೆಯದಲ್ಲ. ಎರಡು ದಿನ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ‘ಓದ್ತಿದ್ದೀನಿ’ ಅಂದೆ. ಮೂಳೆಯೊಳಗೆ ಯಾರೋ ಕಲ್ಲು ಕುಟ್ಟಿದ ಹಾಗಾಯಿತು. ಮೂರನೆಯ ದಿನ ಇಳಿದು ಬಂದೆ. ನೀಲತ್ತೆ ನನ್ನ ಮುಖ ನೋಡಿ “ಅದೇನು ಅಷ್ಟು ಓದೋದು? ಕಣ್ಣೆಲ್ಲ ಗುಳಿ ಬಿದ್ದಿದೆ” ಅಂದಳು.

ಒಂದು ತಿಂಗಳು ಕಳೆದಿತ್ತು. ಹೆಡ್ಮಾಸ್ಟರ ತುಟಿ ಬೂದಿ ಬಣ್ಣಕ್ಕೆ ತಿರುಗಿದೆ ಎಂಬ ಸುದ್ದಿ ಮೆಟ್ಟಿಲು ಮೆಟ್ಟಿಲು ಇಳಿದು ಬಂತು. ಐದನೆಯ ದಿನ ಅವರು ಹೋದರು. ಆಮೇಲೆ ಅವರ ಹಿಂದೆ ಸೂಜಿ ಹಾಕಿಸಿಕೊಂಡವರು ಒಬ್ಬೊಬ್ಬರಾಗಿ ಮಲಗತೊಡಗಿದರು. ನೂರ ಹನ್ನೆರಡರಲ್ಲಿ ಮೂವತ್ತೊಂದು ಜನರಿಗೆ ಬೂದಿಜ್ವರ ಬಂತು, ಆರು ಜನ ಉಳಿಯಲಿಲ್ಲ. “ನೀರು ಸ್ವಾಮಿ, ಬರೀ ನೀರು. ನಮ್ಮ ಬಾವೀಲಿ ಬಿಟ್ಟಿ ಸಿಗೋದನ್ನ ಐಸಲ್ಲಿಟ್ಟು ತಂದಿದಾರೆ” ಎಂದ ಕೊಟ್ರೇಶಿ. ಈ ಸಲ ಯಾರೂ ನಗಲಿಲ್ಲ. ಶಾಲೆಗೆ ಬರುವವರು ನಿಂತೇ ಹೋದರು. ಹೀಗೇ ಆದರೆ ಮುಂದಿನ ತಿಂಗಳ ಕೊನೆಗೆ ಪೆಟ್ಟಿಗೆಗಳನ್ನು ವಾಪಸು ಕಳಿಸಬೇಕೆಂದು ಡಾಕ್ಟರಿಗೆ ಮೇಲಿನಿಂದ ಪತ್ರ ಬಂತು. ಖಾಲಿ ತರಗತಿಯಲ್ಲಿ ಮಕ್ಕಳ ಬೆಂಚಿನ ಮೇಲೆ ಕುಳಿತು ಅವರು “ಬೇರೆ ಎಲ್ಲೂ ಹೀಗಾಗಿಲ್ಲ ವೈಜಯಂತಿ. ನನಗೇನೂ ಅರ್ಥ ಆಗ್ತಿಲ್ಲ” ಎಂದರು.

ಆವತ್ತು ಮನೆಗೆ ಬಂದು ಡೈರಿ ತೆರೆದದ್ದು ಏನನ್ನೋ ಹುಡುಕಬೇಕೆಂದಲ್ಲ. ಸತ್ತವರ ಹೆಸರುಗಳ ಪಕ್ಕ ತಾರೀಕು ಬರೆಯೋಣ ಎಂದು. ಹೆಡ್ಮಾಸ್ಟರು, ಒಂಬತ್ತು ಪಾಲು. ಬಡಗಿ ಈರಯ್ಯ, ಏಳು ಪಾಲು. ಹೂವಿನ ನಾಗವೇಣಿ, ಆರು. ಬೂದಿಜ್ವರ ಬಂದ ಮೂವತ್ತೊಂದು ಹೆಸರಿನ ಪಕ್ಕವೂ ನಾಲ್ಕಕ್ಕಿಂತ ದೊಡ್ಡ ಅಂಕಿಯೇ ಇತ್ತು. ಪಾಲೇ ಮಾಡದವರು ಯಾರೆಂದು ಹುಡುಕಿದೆ. ಹದಿನಾಲ್ಕು ಜನ ಸಿಕ್ಕರು. ಅಣ್ಣತಮ್ಮಂದಿರ ಜೊತೆ ಜಗಳವಾಡಿ ಒಂಟಿಯಾಗಿರುವ ಕುಂಬಾರ, ನೆರೆಯವರ ಮೇಲೆ ಬಿಸಿನೀರು ಎರಚಿ ಯಾರ ಜೊತೆಗೂ ಮಾತಿಲ್ಲದ ತರಕಾರಿ ಸಿದ್ದಮ್ಮ, ಹೊರಗಿನಿಂದ ಬಂದು ಬಾಡಿಗೆಗಿರುವ ಅಂಚೆಯವರು, ನಾನು. ಊರಿನ ಒಂಟಿಗಳು, ಊರಿಗೆ ಬೇಡವಾದವರು, ಊರನ್ನು ಬೇಡವೆಂದವರು. ನಮ್ಮಲ್ಲಿ ಒಬ್ಬರಿಗೂ ಬೂದಿಜ್ವರ ಬಂದಿರಲಿಲ್ಲ. ಆ ಎರಡು ದಿನದ ಜ್ವರವೇ ಮದ್ದಿನ ಕೆಲಸ, ಮೈಗೆ ಕಾಪು ಕಟ್ಟುವುದು ಅದೇ. ನಾವು ಪ್ರೀತಿಯಿಂದ ಜ್ವರ ಹಂಚಿಕೊಂಡಾಗ ಕಾಪನ್ನೂ ಹಂಚಿಬಿಟ್ಟಿದ್ದೆವು. ಒಂಬತ್ತು ಚೂರಾದ ಕಾಪು ಯಾರನ್ನೂ ಕಾಯಲಿಲ್ಲ.

ಡೈರಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಅದೇ ಮೊದಲು. ಡಾಕ್ಟರು ಪುಟಗಳನ್ನು ಎರಡು ಸಲ ತಿರುವಿದರು. ಖುಷಿಯಾಗುತ್ತಾರೆ ಎಂದುಕೊಂಡಿದ್ದೆ. “ಹದಿನಾಲ್ಕು ಜನ ತುಂಬ ಕಡಿಮೆ” ಎಂದರು. “ಅದೂ ಅಲ್ಲದೆ, ಒಂಟಿಯಾಗಿರೋರ ಹತ್ತಿರ ಯಾರೂ ಹೋಗಲ್ಲ. ಅದಕ್ಕೇ ಅವರಿಗೆ ರೋಗ ಹತ್ತದೆ ಇರಬಹುದಲ್ವಾ?” ಇದು ನನಗೆ ಹೊಳೆದಿರಬೇಕಿತ್ತು, ಓದಿದ್ದು ಇದನ್ನೇ. ನಿಧಾನವಾಗಿ ಹೇಳಿದೆ: ಸಿದ್ದಮ್ಮ ದಿನವಿಡೀ ಸಂತೆಯಲ್ಲಿ ಕೂರುತ್ತಾಳೆ, ಬೈಯುವುದಕ್ಕಾದರೂ ನೂರು ಜನರ ಮುಖಕ್ಕೆ ಮುಖ ಕೊಡುತ್ತಾಳೆ. ಅಂಚೆಯವರು ಮನೆಮನೆಗೆ ಹೋಗುತ್ತಾರೆ. ನಾನು ಮಲಗಿದವರ ಕೋಣೆಗಳಿಗೇ ಹೋಗಿ ಬರೆದುಕೊಂಡು ಬಂದೆ. “ಹಾಗಾದ್ರೆ ಹದಿನಾಲ್ಕರಲ್ಲಿ ಮೂರು ಜನದ ಲೆಕ್ಕ ಗಟ್ಟಿ” ಎಂದರು ಡಾಕ್ಟರು. ಡೈರಿಯನ್ನು ನನ್ನ ಕೈಗೆ ವಾಪಸು ಕೊಟ್ಟು, “ಮೂರು ಜನರನ್ನ ನಂಬಿ ಊರಿಗೆ ಹೇಳಬೇಕು. ಹೇಳದಿದ್ರೆ ಮುಂದಿನ ತಿಂಗಳ ಕೊನೆಗೆ ಪೆಟ್ಟಿಗೆ ಹೋಗುತ್ತೆ. ಹೇಳ್ತೀರಾ?” ಎಂದರು. ಅವರು ಹೇಳಿದರೆ ಯಾರೂ ಕೇಳುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಪಾಲೆಂದರೇನು ಎಂದು ತಿಳಿಯದವರು ಪಾಲು ಬಿಡಿ ಎಂದರೆ ಯಾರು ಕೇಳುತ್ತಾರೆ?

ನಾನು ಹೇಳಲಿಲ್ಲ, ಬರೆದೆ. ದೊಡ್ಡ ಹಾಳೆಯಲ್ಲಿ, ದುಂಡು ಅಕ್ಷರದಲ್ಲಿ, ಗೊತ್ತಿರುವುದಿಷ್ಟು, ಗೊತ್ತಿಲ್ಲದ್ದಿಷ್ಟು ಎಂದು. ಸೂಜಿ ಹಾಕಿಸಿಕೊಂಡವರ ಜ್ವರಕ್ಕೆ ಎರಡು ದಿನ ಯಾರೂ ಪಾಲು ಹೋಗಬಾರದು, ಮೂರನೆಯ ದಿನದಿಂದ ಯಾವ ನೋವಿನ ಪಾಲಿಗೂ ಅಡ್ಡಿಯಿಲ್ಲ ಎಂದು. ಬೆಳಿಗ್ಗೆ ಕೊಟ್ರೇಶಿಯ ಗೋಡೆಗೆ ಅಂಟಿಸಿ ಓಡಿಬರಬೇಕೆಂದಿದ್ದೆ. ಅಂಟು ಒಣಗುವುದರೊಳಗೆ ಜನ ಸೇರಿದರು. ಕೊಟ್ರೇಶಿಯೇ ಜೋರಾಗಿ ಓದಿದ. ಮುಗಿದ ಮೇಲೆ ತಿರುಗಿ, “ಅಂದ್ರೇನಮ್ಮಾ, ಜ್ವರದಲ್ಲಿ ಒದ್ದಾಡೋರನ್ನ ಬಿಟ್ಟು ಸಿನಿಮಾಕ್ಕೆ ಹೋಗಿ ಅಂತೀಯಾ?” ಅಂದ. “ಸಿದ್ದಮ್ಮನ ಥರಾ ಆಗ್ಬೇಕಂತೆ ಎಲ್ರೂ” ಎಂದರು ಯಾರೋ. ನಾನು ಅಂಟಿನ ಬಟ್ಟಲು ಎತ್ತಿಕೊಂಡು ಹೊರಡಲು ತಿರುಗಿದೆ.

ಆಗ ಗುಂಪಿನ ಹಿಂದಿನಿಂದ ಸುಧಾಮಣಿ ಬಂದಳು. ಮಾವನ ಹನ್ನೊಂದನೆಯ ದಿನದ ಕಾರ್ಯ ಮುಗಿದು ಇನ್ನೂ ವಾರವಾಗಿರಲಿಲ್ಲ. ಅವಳು ಕೂಗಾಡಲಿಲ್ಲ. “ವೈಜಯಂತಿ, ಆವತ್ತು ನೀನೂ ಅಲ್ಲೇ ನಿಂತಿದ್ದೆ. ನಾವೆಲ್ಲ ಕೈ ಹಿಡ್ಕೊಂಡಿದ್ದು ನೋಡಿದ್ದೆ. ಜಾಸ್ತಿ ಕೊಡಿ ಅಂತ ನಾನೇ ಕೇಳಿದ್ದು. ಈಗ ನೀನು ಬರ್ದಿರೋದು ನಿಜ ಆದ್ರೆ ಮಾವನೋರನ್ನ ಕೊಂದಿದ್ದು ನಾವೇ ಅಂತಾಯ್ತು. ಹೌದೋ ಅಲ್ವೋ? ಅದನ್ನ ಹೇಳು ಸಾಕು.”

ಹೌದು ಅನ್ನಲು ಬಾಯಿ ಬರಲಿಲ್ಲ. ಅಲ್ಲ ಅಂದರೆ ಗೋಡೆಯ ಮೇಲಿದ್ದದ್ದೆಲ್ಲ ಸುಳ್ಳಾಗುತ್ತಿತ್ತು. ಗೊತ್ತಿರಲಿಲ್ಲ ಸುಧಕ್ಕ, ಯಾರಿಗೂ ಗೊತ್ತಿರಲಿಲ್ಲ ಅನ್ನಬೇಕಿತ್ತು. ಅದು ಹೊಳೆದದ್ದು ಮನೆಗೆ ಬಂದ ಮೇಲೆ. ಅಲ್ಲಿ ಮಾತ್ರ ತಲೆ ತಗ್ಗಿಸಿ ನಿಂತಿದ್ದೆ. ಅವಳು ಉತ್ತರ ಸಿಕ್ಕಿತೆಂಬಂತೆ ಹೊರಟುಹೋದಳು. ಒಬ್ಬ ಹಾಳೆಯ ಮೂಲೆ ಹಿಡಿದು ಕೀಳಲು ಹೋದ. “ಅದನ್ನ ಮುಟ್ಟಬೇಡ” ಎಂದಿತು ಒಂದು ದನಿ. ನೀಲತ್ತೆ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಿದ್ದಳು. “ನಮ್ಮ ಹುಡುಗಿ ವರ್ಷಕ್ಕೆ ನಾಲ್ಕು ಮಾತಾಡೋಳು. ಅವ್ಳು ಸುಮ್‌ಸುಮ್ನೆ ಗೋಡೆ ಮೇಲೆ ಬರಿಯಲ್ಲ. ನಾನು ಹಾಕಿಸ್ಕೋತೀನಿ. ಪಾಲೂ ಬೇಡ. ಆಮೇಲೆ ನೋಡ್ಕೊಳ್ಳಿ, ನಾನು ಇರ್ತೀನೋ ಹೋಗ್ತೀನೋ.”

ಹಾಳೆಯಲ್ಲಿ ಊರಿನ ಎಲ್ಲರ ಬಗ್ಗೆ ಬರೆದಿದ್ದೆ, ನೀಲತ್ತೆಯ ಬಗ್ಗೆ ಯೋಚಿಸಿರಲಿಲ್ಲ. ಅವಳಿಗೆ ಅರವತ್ತೆಂಟು. ಶಾಲೆಯಲ್ಲಿ ಡಾಕ್ಟರು ಅವಳ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಎದೆಬಡಿತ ನಡುನಡುವೆ ತಪ್ಪುತ್ತಿತ್ತು. “ಬೂದಿಜ್ವರ ಬಂದ್ರೆ ಇವರ ವಯಸ್ಸಿನವರಲ್ಲಿ ನಾಲ್ಕರಲ್ಲಿ ಒಬ್ಬರು ಹೋಗ್ತಿದ್ದಾರೆ. ಚುಚ್ಚುಮದ್ದಿನ ಜ್ವರದಿಂದ ಹೋದವರು ನನಗೆ ಗೊತ್ತಿರೋ ಮಟ್ಟಿಗೆ ಯಾರೂ ಇಲ್ಲ. ಆದ್ರೆ ಬಡಿತ ಹೀಗಿರೋರ ಮೇಲೆ ಪರೀಕ್ಷೆ ಮಾಡಿಲ್ಲ. ಗೊತ್ತಿಲ್ಲ ಅನ್ನೋದನ್ನ ಇಲ್ಲ ಅಂತ ಹೇಳೋಕೆ ನನಗೆ ಬರಲ್ಲ” ಎಂದರು. “ಬೇಡ ಅತ್ತೆ, ಬಾಗಿಲು ಹಾಕ್ಕೊಂಡು ಇದ್ಬಿಡೋಣ” ಎಂದೆ. “ಎಷ್ಟು ವರ್ಷ?” ಎಂದಳು. ಅವಳು ತೋಳು ಚಾಚಿದಳು.

ಮೊದಲ ದಿನ ಮಿಷನ್ ಮುಂದೆ ಕುಳಿತು ಒಂದು ರವಿಕೆಯನ್ನೂ ಮುಗಿಸಿದಳು. ಎರಡನೆಯ ದಿನ ಬೆಳಿಗ್ಗೆ ಏಳಲಿಲ್ಲ. ಡಾಕ್ಟರು ಬಂದು ಮಾತ್ರೆ ಕೊಟ್ಟು, ಬಟ್ಟೆ ಒದ್ದೆ ಮಾಡಿ ಹಣೆಗೆ, ಕಂಕುಳಿಗೆ ಇಡುವುದನ್ನು ತೋರಿಸಿದರು. ನನಗೆ ಅದು ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. “ನಿಮ್ಮೂರಲ್ಲಿ ಜ್ವರ ಬಂದ್ರೆ ಇಷ್ಟೇ ಮಾಡೋದಾ?” ಎಂದು ಕೇಳಿದೆ. “ಇಷ್ಟೇ. ಮತ್ತೆ ಪಕ್ಕದಲ್ಲಿ ಕೂತಿರ್ತೀವಿ.” “ಕೂತು ಏನು ಮಾಡ್ತೀರಿ?” ಡಾಕ್ಟರು ಬಟ್ಟೆ ಹಿಂಡಿದರು. “ಏನೂ ಮಾಡಲ್ಲ. ಕೂತಿರ್ತೀವಿ.” ಹೊರಡುವಾಗ ಒಂದು ಗೆರೆ ಹಾಕಿಕೊಟ್ಟರು: ಬಡಿತ ತಪ್ಪುವುದು ನಿಮಿಷಕ್ಕೆ ಹತ್ತಕ್ಕೆ ಮುಟ್ಟಿದರೆ ಲೆಕ್ಕವೆಲ್ಲ ಬಿಟ್ಟು ಪಾಲು ತೆಗೆದುಕೊಂಡುಬಿಡಿ. ಕೆಳಬೀದಿಯಲ್ಲಿ ಇನ್ನೂ ಮೂವರು ಉಸಿರಿಗೆ ಒದ್ದಾಡುತ್ತಿದ್ದರು, ಡಾಕ್ಟರು ಅಲ್ಲಿಗೆ ಹೋಗಲೇಬೇಕಿತ್ತು.

ಮಧ್ಯಾಹ್ನ ಜ್ವರ ನೂರ ನಾಲ್ಕು ದಾಟಿತು. ನಾಡಿ ನೋಡಲು ಮಣಿಕಟ್ಟು ಹಿಡಿದರೆ ‘ಕೊಡು’ ಎಂಬ ಮಾತು ತಾನಾಗಿ ಬಾಯಿಗೆ ಬಂದುಬಿಡುತ್ತದೆಂದು ಹೆದರಿ ಕುತ್ತಿಗೆಯ ಪಕ್ಕ ಬೆರಳಿಟ್ಟು ಎಣಿಸುತ್ತಿದ್ದೆ. ಐದು ತಪ್ಪಿತು. ಸ್ವಲ್ಪ ಹೊತ್ತಿಗೆ ಏಳು. ನೀಲತ್ತೆ ಕಣ್ಣು ತೆರೆದಳು, ನನ್ನನ್ನು ಗುರುತು ಹಿಡಿದಳು.

“ವೈಜೂ. ತಗೋ.”

ನಾನು ಕೇಳಿರಲಿಲ್ಲ. ನಮ್ಮೂರಿನಲ್ಲಿ ‘ಕೊಡು’ ಅನ್ನುವ ಮೊದಲು ‘ತಗೋ’ ಅನ್ನುವುದಿಲ್ಲ; ಅದು ಭಿಕ್ಷೆ ಬೇಡಿದ ಹಾಗೆ. ಯಾರ ಮುಂದೆಯೂ ಕೈ ಚಾಚದೆ ಬದುಕಿದವಳು ಕೈಯನ್ನು ಹಾಸಿಗೆಯ ಮೇಲೆ ನನ್ನ ಕಡೆಗೆ ಚಾಚಿದ್ದಳು, ಅಂಗೈ ಮೇಲಾಗಿ. ಒಂದು ಮಾತು ಅಂದರೆ ಅವಳ ಅರ್ಧ ಸಂಕಟ ಇಳಿಯುತ್ತಿತ್ತು. ಅರ್ಧ ಕಾಪೂ ಇಳಿಯುತ್ತಿತ್ತು. ಅರ್ಧ ಕಾಪು ಸಾಕೇ? ನನ್ನ ಡೈರಿಯಲ್ಲಿ ಎರಡು ಪಾಲಿನವರು ಮೂವರೇ ಇದ್ದರು; ಮೂವರೂ ಚೆನ್ನಾಗಿದ್ದರು, ಆದರೆ ಮೂವರೂ ಗಟ್ಟಿಮುಟ್ಟಾದ ಹರೆಯದವರು. “ಕೂತಿದ್ದೀನಿ ಅತ್ತೆ” ಎಂದೆ. ಬಟ್ಟೆ ಬದಲಾಯಿಸಿದೆ. ಎಣಿಸಿದೆ. ಎಂಟು. “ತಗೋ” ಎಂದಳು ಮತ್ತೆ. ಗಂಟಲು ಒಣಗಿತ್ತು, ನೀರು ಕುಡಿಸಿದೆ. ಒಂಬತ್ತು. “ತಗೊಳ್ಳೇ, ದಮ್ಮಯ್ಯ” ಎಂದಳು ಮೂರನೆಯ ಸಲ. ಒಂಬತ್ತು. ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತೆ. ಮತ್ತೆ ತೆಗೆದೆ, ಬೆರಳಿಟ್ಟೆ, ಎಣಿಸಿದೆ. ಎಂಟು. ಆಮೇಲೆ ಆರು. ಹೊತ್ತು ಮುಳುಗುವಾಗ ಅವಳ ಹಣೆಯ ಮೇಲೆ ಬೆವರು ಒಡೆಯಿತು.

ಹತ್ತಾಗಿದ್ದರೆ ‘ಕೊಡು’ ಅನ್ನುತ್ತಿದ್ದೆ. ಇದು ಖಂಡಿತ. ಆದರೆ ಆ ಎರಡು ಒಂಬತ್ತುಗಳನ್ನು ಸರಿಯಾಗಿ ಎಣಿಸಿದೆನೋ, ಹತ್ತು ಬೇಡವೇ ಬೇಡವೆಂದು ಮನಸ್ಸು ಒಂದನ್ನು ನುಂಗಿತೋ, ಇವತ್ತಿಗೂ ನನಗೆ ತಿಳಿಯದು. ಡೈರಿಯಲ್ಲಿ ಒಂಬತ್ತು ಎಂದೇ ಬರೆದಿದ್ದೇನೆ, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದ್ದೇನೆ.

ನೀಲತ್ತೆ ಎದ್ದಳು, ಗಂಜಿ ಕುಡಿದಳು, ನಾಲ್ಕನೆಯ ದಿನ ಮಿಷನ್ ತುಳಿದಳು. ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಮಾತಿಲ್ಲ. ಸಂಜೆ ನಾನು ಪಕ್ಕದಲ್ಲಿ ಕುಳಿತರೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದು ಒಳಗೆ ಹೋಗುತ್ತಿದ್ದಳು. ಕುಂಟುವುದು ಕೇಳಿಸುತ್ತಿತ್ತು. ಇಪ್ಪತ್ತು ದಿನ ಹೀಗೇ ನಡೆಯಿತು. ಆ ನಡುವೆ ನಮ್ಮ ಸಾಲಿನ ಎರಡು ಮನೆಗಳಿಗೆ ಬೂದಿಜ್ವರ ಬಂತು. ತಡೆದರೂ ಕೇಳದೆ ಆ ಮನೆಗಳಿಗೆ ಗಂಜಿ ಕೊಟ್ಟು ಬರುತ್ತಿದ್ದವಳು ನೀಲತ್ತೆಯೇ. ಅವಳ ತುಟಿ ಕೆಂಪಗೇ ಇತ್ತು. ಜನ ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಶಾಲೆಗೂ ಯಾರೂ ಬರುತ್ತಿರಲಿಲ್ಲ.

ಇಪ್ಪತ್ತೊಂದನೆಯ ದಿನ ಸುಧಾಮಣಿ ರವಿಕೆಯ ಬಟ್ಟೆ ಹಿಡಿದು ಬಂದಳು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ನನ್ನ ಕಡೆ ಅವಳು ನೋಡಲಿಲ್ಲ. ಅಳತೆ ಕೊಟ್ಟಳು, ಕುತ್ತಿಗೆ ಎಷ್ಟು ಇಳಿಸಬೇಕೆಂದು ಹೇಳಿದಳು, ಆದರೂ ಹೋಗಲಿಲ್ಲ. ಕೊನೆಗೆ “ಹೇಗಿತ್ತು ನೀಲಕ್ಕ? ನಿಜ ಹೇಳಿ” ಎಂದಳು.

ಮಿಷನ್ ನಿಂತಿತು. “ನಿಜ ಹೇಳ್ಬೇಕಂದ್ರೆ, ಹೋಗೇಬಿಟ್ಟೆ ಅನ್ಕೊಂಡೆ ಕಣೇ. ಯಮಯಾತನೆ. ಹುಟ್ಟಿದಾಗಿಂದ ಅಷ್ಟು ಪೂರ್ತಿ ಜ್ವರ ಕಂಡಿರಲಿಲ್ಲ. ಮೂರು ಸಲ ಬೇಡ್ಕೊಂಡೆ ಇವ್ಳನ್ನ. ಕಲ್ಲಿನ ಹಾಗೆ ಕೂತಿದ್ಲು.” ಅಕ್ಕಿಯ ಮೊರ ನನ್ನ ಕೈಯಲ್ಲೇ ನಿಂತಿತು. ನೀಲತ್ತೆ ದಾರ ಹಲ್ಲಿನಲ್ಲಿ ಕಡಿದಳು. “ಕೈ ಹಿಡೀಲಿಲ್ಲ. ಎದ್ದೂ ಹೋಗಲಿಲ್ಲ. ಒಂದು ಸಲ ಎಚ್ಚರಾದಾಗ ನೋಡ್ತೀನಿ, ಅಳ್ತಾ ಎಣಿಸ್ತಿದಾಳೆ. ಅಳೋದೂ ಬಿಡ್ತಿಲ್ಲ, ಎಣಿಸೋದೂ ಬಿಡ್ತಿಲ್ಲ. ಸಿಟ್ಟು ಬಂತು ನಂಗೆ, ಇನ್ನೂ ಇದೆ. ಆದ್ರೆ ನಾನು ಇಲ್ಲಿ ಕೂತು ನಿನ್ನ ರವಿಕೆ ಅಳತೆ ತಗೋತಿದ್ದೀನಿ. ನಿಮ್ಮನೇಲಿ ಅಂಥೋರು ಯಾರಾದ್ರೂ ಇದಾರೇನೆ? ಕೈ ಹಿಡೀದೆ, ಎದ್ದೂ ಹೋಗ್ದೆ ಕೂರೋರು? ಇದ್ರೆ ಹಾಕಿಸ್ಕೋ. ಇಲ್ದಿದ್ರೆ ಬೇಡ, ದಂಡ.”

“ಎಂಟು ಜನ ಇದೀವಿ” ಎಂದಳು ಸುಧಾಮಣಿ. “ಎಂಟೂ ಜನ ಕೈ ಹಿಡಿಯೋರೇ.”

“ಹಾಗಾದ್ರೆ ಇವ್ಳನ್ನ ಕರ್ಕೊಂಡ್ಹೋಗು” ಎಂದಳು ನೀಲತ್ತೆ. ಇಪ್ಪತ್ತು ದಿನಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. “ಏನೇ, ಎರಡು ದಿನ ಬಿಡುವಿದ್ಯಾ?”

ನಾನು ಮೊರ ಕೆಳಗಿಟ್ಟು ಬಾಗಿಲಿಗೆ ಬಂದೆ. ಸುಧಾಮಣಿ ಈಗ ನನ್ನನ್ನೇ ನೋಡುತ್ತಿದ್ದಳು. ಆವತ್ತು ಹೋಟೆಲಿನ ಮುಂದೆ ಕೇಳಿದ ಪ್ರಶ್ನೆ ಅವಳ ಕಣ್ಣಲ್ಲಿ ಹಾಗೇ ಇತ್ತು.

“ನಾನು ತುಂಬಾ ಬೈತೀನಿ” ಎಂದಳು. “ಜ್ವರದಲ್ಲಿ ಬಾಯಿ ಮೇಲೆ ಹಿಡಿತ ಇರಲ್ಲ. ಮಾವನೋರ ವಿಷ್ಯ ಎಲ್ಲ ಬರುತ್ತೆ.”

“ಕೇಳಿಸ್ಕೋತೀನಿ ಸುಧಕ್ಕ” ಎಂದೆ.

ಅವಳು ಮೆಟ್ಟಿಲಿಳಿದು ಹೋಗಿ ಅರ್ಧದಲ್ಲಿ ನಿಂತು ತಿರುಗಿದಳು. “ಸೋಮವಾರ ಬೆಳಿಗ್ಗೆ ಬಾ. ಊಟಕ್ಕೂ ನಮ್ಮಲ್ಲೇ.”